ಕಡಲಿಗೆ ಒಯ್ದ ಮಣ್ಣು

ಉಮ್ಮ ಒಪ್ಪುತ್ತಾರೆಂದು ನಾವು ಯಾರೂ ಎಣಿಸಿರಲಿಲ್ಲ. ಗಲ್ಫಿನಲ್ಲಿರುವ ನನ್ನ ತಮ್ಮ ರಜೆಯಲ್ಲಿ ಬಂದಿದ್ದಾಗ, ಮುಂಬೈಯಿಂದ ಹೊರಟು ಲಕ್ಷದ್ವೀಪ ತೋರಿಸಿ ಮರಳುವ ಪ್ರವಾಸದ ಹಡಗಿನಲ್ಲಿ ಉಮ್ಮನಿಗೂ ನನಗೂ ಕೋಣೆ ಕಾದಿರಿಸುತ್ತೇನೆ ಎಂದ. ನಾನು ಮನಸ್ಸಿನಲ್ಲೇ ನಕ್ಕೆ. ನಮ್ಮೂರು ಸಿದ್ಧಕಟ್ಟೆಯಿಂದ ಮಂಗಳೂರಿಗೆ ಮದುವೆಗೆ ಹೋದರೂ ಸಂಜೆಯೊಳಗೆ ಮನೆ ಸೇರಬೇಕೆನ್ನುವ ಹೆಂಗಸು ಅವರು. ಮೊಮ್ಮಕ್ಕಳು ಕಡಲು ನೋಡಲು ಕರೆದುಕೊಂಡು ಹೋದರೆ ಕಾರಿನಿಂದ ಇಳಿಯುವವರೇ ಅಲ್ಲ, ಗಾಜು ಕೂಡ ಇಳಿಸುವುದಿಲ್ಲ. ಅಂಥವರು "ಹಡಗು ಬೊಂಬಾಯಿಯಿಂದಲೇ ಹೊರಡುವುದಾ?" ಎಂದು ಒಂದೇ ಮಾತು ಕೇಳಿ, "ಹಾಗಾದರೆ ಹೋಗುವ" ಎಂದುಬಿಟ್ಟರು.

ಯಾಕೆಂದು ನನಗೆ ಗೊತ್ತಾಗದೆ ಇರಲಿಲ್ಲ. ಉಮ್ಮನ ತಂದೆಗೆ, ಅಂದರೆ ನನ್ನ ಅಜ್ಜನಿಗೆ, ವಾಮದಪದವಿನಲ್ಲಿ ಜೀನಸಿನ ಅಂಗಡಿ ಇತ್ತು. ಉಮ್ಮ ಮದ್ರಸಕ್ಕೆ ಹೋಗುವ ಹುಡುಗಿಯಾಗಿದ್ದಾಗ ಅವರು ಹಜ್ಜಿಗೆಂದು ಮುಂಬೈಯಲ್ಲಿ ಹಡಗು ಹತ್ತಿದರು. ಹಜ್ಜ್ ಆಯಿತು. ಮರಳುವ ದಾರಿಯಲ್ಲಿ ಜ್ವರ ಬಂತು, ಮುಂಬೈ ಇನ್ನೂ ದೂರವಿರುವಾಗಲೇ ಉಸಿರು ನಿಂತಿತು. ಹಡಗಿನಲ್ಲಿದ್ದವರೇ ಮೀಯಿಸಿ, ಕಫನ್ ಹೊದಿಸಿ, ನಮಾಝ್ ಮಾಡಿ, ಭಾರ ಕಟ್ಟಿ ಅವರನ್ನು ಕಡಲಿಗೆ ಇಳಿಸಿದರು. ಜೊತೆಗೆ ಹೋಗಿದ್ದ ಊರಿನ ಹಾಜಿಯೊಬ್ಬರು ಅಜ್ಜನ ಟೊಪ್ಪಿಯನ್ನೂ ಸುದ್ದಿಯನ್ನೂ ಒಟ್ಟಿಗೆ ಮನೆಗೆ ತಂದರು.

ದಫನಕ್ಕೆ ಬಂದ ಪ್ರತಿಯೊಬ್ಬನೂ ಕಬರಿಗೆ ಮೂರು ಹಿಡಿ ಮಣ್ಣು ಹಾಕುವುದು ನಮ್ಮ ಕ್ರಮ. ಅಜ್ಜನಿಗೆ ಆ ಮಣ್ಣು ಬೀಳಲಿಲ್ಲ. ಅದೊಂದು ಉಮ್ಮನ ಎದೆಯಲ್ಲಿ ಕುಳಿತುಬಿಟ್ಟಿತ್ತು. ಕುಟುಂಬದಲ್ಲಿ ಯಾರೇ ತೀರಿಕೊಂಡರೂ, ಗಂಡಸರು ದಫನ ಮುಗಿಸಿ ಪಳ್ಳಿಯಿಂದ ಮರಳಿದ ಕೂಡಲೇ ಅವರು ಕೇಳುವ ಮೊದಲ ಪ್ರಶ್ನೆ, "ಮಣ್ಣು ಸರಿಯಾಗಿ ಹಾಕಿದಿರಾ?" ಎಂದು. ನನ್ನ ಉಪ್ಪ, ಅಂದರೆ ನನ್ನ ತಂದೆ, ತೀರಿಕೊಂಡ ದಿನವೂ ಅದನ್ನೇ ಕೇಳಿದ್ದರು.

ಮುಂಬೈಯ ರೈಲಿನಲ್ಲಿ ನಾನಾಗಿಯೇ ಮಾತು ತೆಗೆದೆ. ಈ ಹಡಗು ತೆಂಕು ದಿಕ್ಕಿಗೆ ಹೋಗುವುದು, ಅಜ್ಜ ಇರುವುದು ಪಡುವಣ ದಾರಿಯಲ್ಲಿ ಎಲ್ಲೋ, ಸುಮ್ಮನೆ ಆಸೆ ಇಟ್ಟುಕೊಳ್ಳಬೇಡಿ ಎಂದೆ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಇವಳ ತಾಳ್ಮೆಯೆಲ್ಲ ಶಾಲೆಯಲ್ಲೇ ಖರ್ಚಾಗುತ್ತದೆ, ಮನೆಗೆ ತರುವುದು ಸಿಡುಕು ಮಾತ್ರ ಎಂದು ಉಮ್ಮ ನೆರೆಕರೆಯವರಲ್ಲಿ ಹೇಳುವುದುಂಟು. ಅವರು ಕಿಟಕಿಯ ಕಡೆಗೆ ನೋಡುತ್ತಾ, "ಬಾವಿಯ ನೀರಾ ಅದು, ಅವರವರದ್ದು ಬೇರೆ ಬೇರೆ ಇರ್ಲಿಕ್ಕೆ? ಕಡಲು ಒಂದೇ ಅಲ್ವಾ" ಎಂದರು.

ಬಂದರಿನಲ್ಲಿ ಮೊದಲ ಪಜೀತಿ. ಬೇಡ ಬೇಡ ಎಂದರೂ ಉಮ್ಮ ಪತ್ತಿರ್ ರೊಟ್ಟಿ, ಒಣ ಸಿಗಡಿಯ ಚಟ್ನಿ, ಮಾವಿನ ಉಪ್ಪಿನಕಾಯಿ ಎಲ್ಲ ಕಟ್ಟಿಕೊಂಡಿದ್ದರು. ಮನೆಯ ಅಡುಗೆ ಹಡಗಿಗೆ ಒಯ್ಯುವ ಹಾಗಿಲ್ಲವೆಂದು ಕಾವಲಿನವರು ಒಂದೊಂದನ್ನೇ ತೆಗೆದು ಕಸದ ಡಬ್ಬಿಗೆ ಹಾಕಿದರು. ಸಿಗಡಿಯ ವಾಸನೆಗೆ ಹಿಂದಿನ ಸಾಲಿನವರು ಮೂಗು ಮುಚ್ಚಿಕೊಂಡರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೇರೆ ದಿನವಾದರೆ ಅನ್ನ ಚೆಲ್ಲಿದ್ದಕ್ಕೆ ದೊಡ್ಡ ಜಗಳವನ್ನೇ ಮಾಡುತ್ತಿದ್ದ ಉಮ್ಮ ಅಂದು ತುಟಿ ಬಿಚ್ಚಲಿಲ್ಲ. ಮುಸಲ್ಲವನ್ನು, ನಮಾಝಿನ ಆ ಹಾಸನ್ನು, ಎದೆಗೆ ಅವಚಿಕೊಂಡು ನಿಂತಿದ್ದರು. ಅದನ್ನು ಯಾರೂ ಬಿಡಿಸಿ ನೋಡಲಿಲ್ಲ.

ಹಡಗು ಎನ್ನುವುದಕ್ಕಿಂತ ಅದೊಂದು ಪೇಟೆ. ಅಂಗಡಿ, ಈಜುಕೊಳ, ಕುಣಿತ, ಎಲ್ಲ ಓಣಿಗಳೂ ಒಂದೇ ರೀತಿ. ಹೊರಡುವ ಮೊದಲು ಅಪಾಯದ ಗಂಟೆ ಬಾರಿಸಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಜೀವರಕ್ಷಕ ಅಂಗಿ ತೊಡುವುದನ್ನು ಕಲಿಸಿದರು. ಉಮ್ಮ ಬುರ್ಖಾದ ಮೇಲೆ ಆ ಕಿತ್ತಳೆ ಬಣ್ಣದ ಅಂಗಿ ತೊಟ್ಟು ನಿಂತಾಗ ನನಗೆ ನಗು ಬಂತು. ಅವರು ನಗಲಿಲ್ಲ. ಅಜ್ಜನ ಕಾಲದಲ್ಲೂ ಇದು ಇತ್ತೇ ಎಂದು ಕೇಳಿದರು. ಜ್ವರಕ್ಕೆ ಈ ಅಂಗಿ ಏನು ಮಾಡುತ್ತದೆ ಉಮ್ಮ ಎಂದು ನಾನು ಸಿಡುಕಿದೆ.

ಊಟದ ಸಭಾಂಗಣದಲ್ಲಿ ರಾಶಿ ರಾಶಿ ತಿಂಡಿ, ಉಮ್ಮ ಮುಟ್ಟಿದ್ದು ಮೊಸರನ್ನ, ಬಾಳೆಹಣ್ಣು. ಮಾಂಸ ಹಲಾಲೆಂದು ಬರೆದಿದ್ದರೂ ನಂಬಲಿಲ್ಲ. ಅದಕ್ಕಿಂತ ದೊಡ್ಡ ತಾಪತ್ರಯ ಕಿಬ್ಲದ್ದು, ನಮಾಝಿಗೆ ಮುಖ ಮಾಡಬೇಕಾದ ಮಕ್ಕಾದ ದಿಕ್ಕಿನದ್ದು. ಮೊಬೈಲಿನಲ್ಲಿ ದಿಕ್ಕು ನೋಡಿ ಮುಸಲ್ಲ ಹಾಸಿಕೊಟ್ಟರೆ, ಅವರು ನಮಾಝ್ ಮುಗಿಸುವಷ್ಟರಲ್ಲಿ ಹಡಗು ತಿರುಗಿರುತ್ತಿತ್ತು. ಸಲಾಂ ಹೇಳಿ ಎದ್ದು, "ಈಗ ಎಲ್ಲಿಗೆ ಉಂಟು?" ಎಂದು ಕೇಳುವುದು, ನಾನು ಮೊಬೈಲ್ ಹಿಡಿದು ಕೋಣೆಯಿಡೀ ಸುತ್ತುವುದು. ಒಮ್ಮೆ ನನಗೂ ರೇಗಿ, ಕಪ್ತಾನನನ್ನೇ ಕೇಳಿ ಎಂದೆ. ಅಜ್ಜನಿಗೂ ಹೀಗೇ ಆಗಿರಬೇಕು, ಅವರಿಗೆ ಯಾರು ದಿಕ್ಕು ಹೇಳಿಕೊಟ್ಟರೋ ಎಂದು ಉಮ್ಮ ತಮ್ಮಷ್ಟಕ್ಕೇ ಹೇಳಿಕೊಂಡರು.

ಮರುದಿನ ಕಡಲು ಸ್ವಲ್ಪ ಜೋರಾಗಿ ಹಡಗು ತೂಗತೊಡಗಿತು. ನಾನು ಮೇಲಿನ ಅಂತಸ್ತಿಗೆ ಗಾಳಿಗೆ ಹೋಗಿದ್ದೆ. ಮರಳಿ ಬರುವಾಗ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಉಮ್ಮ ಮೊಣಕಾಲೂರಿ, ಕಾರ್ಪೆಟ್ಟನ್ನು ಬೆರಳಿನಿಂದ ಗೀಚುತ್ತಿದ್ದರು. ಕೋಣೆ ಗುಡಿಸುವ ಮಣಿಪುರದ ಹೆಂಗಸು ಕೈಯಲ್ಲಿ ವ್ಯಾಕ್ಯೂಮ್ ಯಂತ್ರ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು, ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಹಾಸಿಗೆ ಸರಿಮಾಡುವಾಗ ಅವಳು ಮುಸಲ್ಲವನ್ನು ಕೊಡವಿದ್ದಳಂತೆ. ಅದರ ಮಡಿಕೆಯೊಳಗೆ ಬಿಳಿ ಬಟ್ಟೆಯ ಸಣ್ಣ ಗಂಟು ಇತ್ತು. ಗಂಟು ಬಿಚ್ಚಿ ಕೆಂಪು ಮಣ್ಣು ನೆಲಕ್ಕೆ ಬಿತ್ತು. ಚಪ್ಪಲಿಯ ಮಣ್ಣೆಂದುಕೊಂಡು ಅವಳು ಯಂತ್ರ ಹಾಕಿ ಎಳೆದುಬಿಟ್ಟಳು. ಅಷ್ಟರಲ್ಲಿ ಉಮ್ಮ ನಮಾಝಿಗೆಂದು ಕೈಕಾಲು ಮುಖ ತೊಳೆದು, ವುಝೂ ಮುಗಿಸಿ ಬಚ್ಚಲಿನಿಂದ ಹೊರಗೆ ಬಂದಿದ್ದಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು.

"ಎಲ್ಲಿಯ ಮಣ್ಣು ಉಮ್ಮ?" ಎಂದು ಕೇಳಿದೆ.

"ವಾಮದಪದವಿನದ್ದು. ನನ್ನ ಉಪ್ಪ ಹಜ್ಜಿಗೆ ಇಳಿದು ಹೋದ ಅಂಗಳದ್ದು" ಎಂದರು, ತಲೆಯೆತ್ತದೆ.

ನನ್ನ ಸಿಟ್ಟು ಎಲ್ಲಿಗೆ ಹೋಯಿತೋ. ಹೊರಡುವ ಮುಂಚೆ ತವರಿಗೆ ಹೋಗಿ ಬರುತ್ತೇನೆಂದು ಹಟ ಹಿಡಿದು ಆಟೋ ತರಿಸಿದ್ದು ಇದಕ್ಕೆ. ಹರಕು ಹಿಂದಿಯಲ್ಲಿ ನಾನು ಆ ಹೆಂಗಸಿಗೆ ವಿಷಯ ತಿಳಿಸಿದೆ. ಅವಳು ಹಳೆಯ ಪತ್ರಿಕೆ ಹಾಸಿ, ಯಂತ್ರದ ಚೀಲವನ್ನು ಅದರ ಮೇಲೆ ಸುರಿದಳು. ಕೂದಲು, ನೂಲು, ಯಾರು ಯಾರದೋ ಕೋಣೆಯ ಧೂಳು. ಮೂವರೂ ಸುತ್ತ ಕುಳಿತು ಅಕ್ಕಿಯಿಂದ ಕಲ್ಲು ಹೆಕ್ಕುವ ಹಾಗೆ ಹೆಕ್ಕಿದೆವು. ಮೂರು ಹಿಡಿ ತಂದದ್ದರಲ್ಲಿ ಹೆಚ್ಚೆಂದರೆ ಒಂದು ಹಿಡಿ ಸಿಕ್ಕಿತು. ಹೋಗುವಾಗ ಆ ಹೆಂಗಸು ಉಮ್ಮನ ಕೈ ಹಿಡಿದು ಏನೋ ಹೇಳಿ ಕಣ್ಣೊರೆಸಿಕೊಂಡಳು.

ಸಂಜೆಯ ಅಸರ್ ನಮಾಝಿನ ನಂತರ ಉಮ್ಮ ಎದ್ದರು. ಎಲ್ಲರೂ ಆಚೆ ಸಂಗೀತದ ಕಡೆಗೆ ಹೋಗಿದ್ದರಿಂದ ಹಡಗಿನ ಹಿಂಬದಿಯ ಮೊಗಸಾಲೆ ಖಾಲಿ ಇತ್ತು. ಕಂಬಿಯ ಪಕ್ಕದಲ್ಲಿ, ಕಡಲಿಗೆ ಏನನ್ನೂ ಎಸೆಯಬಾರದೆಂದು ದೊಡ್ಡ ಅಕ್ಷರದಲ್ಲಿ ಬರೆದ ಫಲಕ. ನಾನು ನಿಂತೆ. ಮಕ್ಕಳಿಗೆ ನಿಯಮ ಹೇಳಿ ಹೇಳಿ ಬೆಳೆದ ಬುದ್ಧಿ. ಏನು ಬರೆದಿದ್ದಾರೆಂದು ಉಮ್ಮ ಕೇಳಿದರು, ಹೇಳಿದೆ. "ನನಗೆ ಓದ್ಲಿಕ್ಕೆ ಬರುವುದಿಲ್ಲ. ನೀನು ಓದಿದ್ದು ಯಾರಿಗೆ ಗೊತ್ತುಂಟು?" ಎಂದು ಮುಂದೆ ಹೋದರು.

ಗಂಟಿನಿಂದ ಚಿಟಿಕೆ ತೆಗೆದು ಕೈ ಚಾಚುವಷ್ಟರಲ್ಲಿ ಗಾಳಿ ಅದನ್ನು ತಿರುಗಿಸಿ ಅವರ ಮುಖಕ್ಕೇ ಎರಚಿತು. ಹುಬ್ಬು, ರೆಪ್ಪೆ ಎಲ್ಲ ಕೆಂಪಾಯಿತು. ಸಾಕು ಉಮ್ಮ, ಇಷ್ಟು ತಂದದ್ದೇ ಅಜ್ಜನಿಗೆ ತಲುಪಿದ ಹಾಗೆ ಎಂದೆ. ಅವರು ಕೇಳಿಸಿಕೊಳ್ಳದೆ ಕೆಳಗೆ ಕುಳಿತರು. ನನ್ನ ನೀರಿನ ಬಾಟಲಿ ಇಸಿದುಕೊಂಡು ಬಟ್ಟೆಯ ಮೇಲೆಯೇ ಮಣ್ಣಿಗೆ ಹನಿಹನಿಯಾಗಿ ಬಿಟ್ಟು ಕಲಸಿದರು. ಜೀವಮಾನವಿಡೀ ಬೆಳಗ್ಗೆ ಎದ್ದು ಅಕ್ಕಿಯ ಪುಂಡಿ ಕಟ್ಟಿದ ಕೈ. ಅಂಗೈಯಲ್ಲಿಟ್ಟು ಎರಡು ಸುತ್ತು ತಿರುಗಿಸಿದರೆ ಉಂಡೆ. ನೆಲ್ಲಿಕಾಯಿಯಷ್ಟು ದೊಡ್ಡ ಮೂರು ಉಂಡೆಗಳಾದವು.

ಮೊದಲನೆಯದನ್ನು ಕಂಬಿಯಾಚೆ ಕೈ ಚಾಚಿ ಬಿಟ್ಟರು. ಮಣ್ಣು ಹಾಕುವಾಗ ಹೇಳುವ ಕುರ್‌ಆನಿನ ಆಯತ್ತನ್ನು ಮದ್ರಸದಲ್ಲಿ ಕಲಿತಿದ್ದರು, ಹೇಳುವ ಸಂದರ್ಭ ಈವರೆಗೆ ಬಂದಿರಲಿಲ್ಲ. ಒಂದಕ್ಷರವೂ ತಪ್ಪಲಿಲ್ಲ. ಎರಡನೆಯದನ್ನೂ ಬಿಟ್ಟರು. ಹಡಗು ಅಷ್ಟು ಎತ್ತರ, ನೀರಿಗೆ ಬಿದ್ದ ಸದ್ದು ಕೇಳಲಿಲ್ಲ. ನನ್ನ ಕಣ್ಣು ತುಂಬಿತು. ಇಷ್ಟು ವರ್ಷ ಕಬರ್ ಇಲ್ಲದೆ ಹೋಯಿತಲ್ಲ, ಊರಿನಲ್ಲೇ ದಫನ ಆಗಿದ್ದರೆ ನಿಮಗೆ ಈ ಸಂಕಟ ಇರುತ್ತಿರಲಿಲ್ಲ ಎಂದೆ.

ಉಮ್ಮ ನನ್ನ ಕಡೆಗೆ ತಿರುಗಿದರು. "ಊರಲ್ಲಿ ಆಗಿದ್ದರೆ ಅದು ಅಣ್ಣನ ಕೆಲಸ. ನನ್ನ ಕೈಗೆ ಬರ್ತಿತ್ತಾ?"

ಹೌದು. ನಮ್ಮಲ್ಲಿ ಹೆಂಗಸರು ದಫನಕ್ಕೆ ಹೋಗುವುದಿಲ್ಲ. ನನ್ನ ಉಪ್ಪನನ್ನು ಎತ್ತಿಕೊಂಡು ಹೋದಾಗ ನಾನು ಅಡುಗೆಮನೆಯ ಕಿಟಕಿಯ ಸರಳು ಹಿಡಿದು, ದಾರಿಯ ತಿರುವಿನವರೆಗೆ ಕಂಡಷ್ಟನ್ನು ನೋಡಿದ್ದೆ. ಮಣ್ಣು ಸರಿಯಾಗಿ ಹಾಕಿದಿರಾ ಎಂದು ಉಮ್ಮ ಯಾಕೆ ಕೇಳುತ್ತಿದ್ದರೆಂದು ಅಂದು ನನಗೆ ತಿಳಿದಿರಲಿಲ್ಲ.

ಮೂರನೆಯ ಉಂಡೆಯನ್ನು ಅವರು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದರು. ಒದ್ದೆಯಾಗಿತ್ತು, ಅವರ ಕೈಯ ಬಿಸಿ ಇನ್ನೂ ಇತ್ತು.

"ಇದು ನೀನು ಹಾಕು" ಎಂದರು.

"ನಿಮ್ಮ ಉಪ್ಪನಿಗಲ್ವಾ ಉಮ್ಮ, ನೀವೇ ಹಾಕಿ."

"ಮೂರಾಗಬೇಕು, ಆಗಲಿ. ಆದರೆ ನಿನ್ನ ಕೈಯಿಂದಲೇ ಹೋಗಲಿ. ನನ್ನ ದಿನ ಬರುವಾಗ ನಿನ್ನನ್ನು ಕಬರಿನ ಹತ್ತಿರ ಕರೆಯುವುದಿಲ್ಲ."

ಅವರು ಆಯತ್ತನ್ನು ತುಂಡು ತುಂಡಾಗಿ ಹೇಳಿಕೊಟ್ಟರು, ನಾನು ಹಿಂದಿನಿಂದ ಹೇಳಿದೆ. ಕಂಬಿಯಾಚೆ ಕೈ ಚಾಚಿ ಬೆರಳು ಬಿಡಿಸಿದೆ. ಯಾರಿಗೆ ಹಾಕಿದೆನೆಂದು ನಾನು ಹೇಳಲಿಲ್ಲ, ಉಮ್ಮನೂ ಕೇಳಲಿಲ್ಲ.