ಅಲ್ ಖೋರ್ ಸಮುದ್ರದಲ್ಲಿ ನಾನು ಕಂಡ ಕೈ

ಹಮೀದಾಕ, ಆ ದಿನ ಅಲ್ ಖೋರ್ ಸಮುದ್ರದಲ್ಲಿ ನೀವು ಕೈ ಎತ್ತಿದ್ದಿರಿ. ನಾನು ಕಂಡಿದ್ದೆ. ಎತ್ತಲಿಲ್ಲವೆಂದು ಎಲ್ಲರೆದುರು ನಾನು ಹೇಳಿದ್ದು ಸುಳ್ಳು.

ಬೋಟು ಓಡಿಸಲು ನನಗೆ ಕಲಿಸಿದವರೇ ನೀವು. ದೋಹಾದಲ್ಲಿ ನಿಮ್ಮ ತಮ್ಮ ರಫೀಕರ ಜೊತೆ ಮಸಾಲೆ ಅಂಗಡಿ ನಡೆಸುತ್ತಿದ್ದ ನೀವು, ಶುಕ್ರವಾರ ಬಂತೆಂದರೆ ಊರಿನವರನ್ನು ಕಟ್ಟಿಕೊಂಡು ಅಂಜಲ್ ಹಿಡಿಯಲು ಹೊರಡುತ್ತಿದ್ದಿರಿ. ಬೋಟಿನ ಹಿಂದೆ ಉದ್ದಕ್ಕೆ ಗಾಳದ ದಾರ ಬಿಟ್ಟು, ನಿಧಾನವಾಗಿ ಓಡಿಸುತ್ತಾ ಹಿಡಿಯುವ ಮೀನು ಅದು. ಚಳಿಗಾಲದಲ್ಲಿ ಒಂದೇ ಜಾಗದಲ್ಲಿ ಹತ್ತಾರು ಬೋಟುಗಳು. ಅದಕ್ಕೇ ನಮ್ಮೊಳಗೊಂದು ಕಟ್ಟುಪಾಡು — ಮೀನು ಸಿಕ್ಕಿ ನಿಂತ ಬೋಟಿನವನು ಕೈ ಎತ್ತಬೇಕು; ಆ ಕೈ ಕಂಡವನು ತನ್ನ ದಾರ ಎಳೆದುಕೊಂಡು ದೂರದಿಂದ ಸುತ್ತಿ ಹೋಗಬೇಕು. ಇದನ್ನು ನೀವು ನನಗೆ ಅದೆಷ್ಟು ಸಲ ಹೇಳಿದ್ದಿರೋ —

ವಿಶ್ವಕಪ್ಪಿನ ದಿನಗಳು. ಮ್ಯಾಚ್ ನೋಡಲು ಬೆಂಗಳೂರಿನಿಂದ ನಮ್ಮ ಕಂಪನಿಯ ದೊಡ್ಡ ಸಾಹೇಬರು ಬಂದಿದ್ದರು. ಅವರನ್ನು ಮೆಚ್ಚಿಸುವ ಹುಚ್ಚು ನನಗೆ. ಬೇರೆ ಬೋಟು ಬಾಡಿಗೆಗೆ ಹಿಡಿದು, ಸ್ಟಿಯರಿಂಗ್ ಮುಂದೆ ನಾನೇ ಕೂತೆ. ಬೆಳಗಿನಿಂದ ಒಂದು ಮೀನೂ ಕಚ್ಚಿರಲಿಲ್ಲ. ಸಾಹೇಬರು ಬೇಸತ್ತು ಮೊಬೈಲಿನಲ್ಲಿ ಮುಳುಗಿದ್ದರು. ಮುಂದೆ ನಿಮ್ಮ ಬೋಟು ನಿಂತಿತ್ತು, ಅದರಲ್ಲಿ ಅಂದು ನೀವು ಅಣ್ಣತಮ್ಮ ಇಬ್ಬರೇ. ಹಿಂಬದಿಯಲ್ಲಿ ರಫೀಕರು ಬಗ್ಗಿ, ಬರಿಗೈಯಲ್ಲಿ ದಾರ ಎಳೆಯುತ್ತಿದ್ದರು. ನೀವು ಕೈ ಎತ್ತಿದಿರಿ — ಪೂರಾ, ತಲೆಯ ಮೇಲಕ್ಕೆ. ಸುತ್ತಿ ಹೋಗಬೇಕೆಂದರೆ ನಮ್ಮ ದಾರಗಳನ್ನೆಲ್ಲ ಎಳೆದುಕೊಳ್ಳಬೇಕು. ನಿಮ್ಮ ಹಿಂದೆಯೇ ಮೀನಿನ ಹಿಂಡು ಇರುವುದಂತೂ ಖಾತ್ರಿ... ಸುತ್ತಿ ಹೋಗದೆ ನಿಮ್ಮ ಬೋಟಿನ ಬೆನ್ನಿಗೇ ನುಗ್ಗಿಸಿಬಿಟ್ಟೆ.

ರಫೀಕರ ದಾರ ನನ್ನ ಬೋಟಿನಡಿ ನೀರಲ್ಲಿ ತಿರುಗುವ ಫ್ಯಾನಿಗೆ ಸುತ್ತಿಕೊಂಡಿತು. ಕೈಯಲ್ಲಿದ್ದ ದಾರ ಬಿಗಿದು ಅವರ ಎರಡು ಬೆರಳು ಹೋದವು. ಆ ಕೂಗು — ಅದನ್ನು ಬರೆಯಲಾರೆ.

ಆಸ್ಪತ್ರೆಯ ಹೊರಗೆ ಊರಿನವರೆಲ್ಲ ಸೇರಿದ್ದರು. "ಹಮೀದಾಕ ಕೈ ಎತ್ತಿದ್ರಾ?" ಎಂದು ಯಾರೋ ಕೇಳಿದರು. ರಫೀಕರು ನಿಮಗೆ ಬೆನ್ನು ಹಾಕಿ ನಿಂತಿದ್ದವರು, ನೋಡಿರಲಿಲ್ಲ. ನೋಡಿದವನು ನಾನೊಬ್ಬನೇ.

"ಇಲ್ಲ. ಎತ್ತಿದ್ರೆ ನಾನ್ಯಾಕೆ ಬರ್ತಿದ್ದೆ?" ಎಂದೆ.

ನೀವು ನನ್ನ ಕೊರಳಪಟ್ಟಿ ಹಿಡಿಯುತ್ತೀರೆಂದು ಕಾದೆ. ನೀವು ನನ್ನನ್ನೇ ನೋಡುತ್ತಾ, "ಎತ್ತಿದ ಹಾಗೆ ನೆನಪುಂಟು ಮಾರಾಯ್ರೆ... ಗಡಿಬಿಡಿಯಲ್ಲಿ ಮರ್ತೆನಾ ಏನೋ. ದಿನೇಶರು ಸುಳ್ಳು ಹೇಳುವ ಜನ ಅಲ್ಲ," ಎಂದಿರಿ. ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಯಾರೋ "ಖಲಾಸ್, ಆದದ್ದು ಆಯ್ತು" ಎಂದರು, ನಾನೂ ತಲೆಯಾಡಿಸಿದೆ.

ಅಂದಿನಿಂದ ರಫೀಕರು ನಿಮ್ಮೊಡನೆ ಮಾತು ಬಿಟ್ಟರು. ನೀವು ಅಂಗಡಿಯನ್ನು ಅವರಿಗೇ ಬಿಟ್ಟು ಊರಿಗೆ, ಉಳ್ಳಾಲಕ್ಕೆ ಮರಳಿದಿರಿ.

ಕಳೆದ ರಜೆಯಲ್ಲಿ, ಎಲ್ಲವನ್ನೂ ಹೇಳಿಬಿಡಬೇಕೆಂದೇ ನಿಮ್ಮ ಮನೆಗೆ ಬಂದೆ. ಚಹಾ ತಂದ ನಿಮ್ಮ ಮನೆಯವರು, "ಬಿಪಿ ಮಾತ್ರೆ ತಕ್ಕೊಂಡ್ರಾ?" ಎಂದು ನಿಮ್ಮನ್ನು ಕೇಳಿದರು.

"ತಕ್ಕೊಂಡೆ ಅಂತ ಕಾಣ್ತದೆ. ನನ್ನ ಮಾತು ನಂಬಬೇಡ, ನೀನೇ ಒಮ್ಮೆ ನೋಡು," ಎಂದು ನೀವು ನಕ್ಕಿರಿ. ಆಮೇಲೆ ನನ್ನ ಕಡೆ ತಿರುಗಿ, "ಆ ದಿನ ಕೈ ಎತ್ತಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು ದಿನೇಶರೇ. ಎತ್ತಿರ್ಲಿಲ್ಲ ಅಲ್ವಾ? ಮತ್ತೆ ಈ ತಲೆಯನ್ನು ಹೇಗೆ ನಂಬುದು?" ಎಂದಿರಿ.

ಆಗಲೂ — ಆಗಲೂ ಹೇಳಲಿಲ್ಲ. ಚಹಾ ಕುಡಿದು ಎದ್ದು ಬಂದೆ. ಹೇಡಿ ನಾನು.

ನಾಳೆ ರಫೀಕರ ಅಂಗಡಿಗೆ ಹೋಗುತ್ತಿದ್ದೇನೆ. ನೀವು ಇದನ್ನು ಓದುವ ಮೊದಲೇ ಅವರ ಎದುರು ನಿಂತು ಹೇಳಿರುತ್ತೇನೆ. ಅವರು ನನ್ನನ್ನು ಏನು ಬೇಕಾದರೂ ಮಾಡಲಿ. ಆಮೇಲೆ ಅವರು ನಿಮಗೆ ಫೋನ್ ಮಾಡಬಹುದು. ನಾಚಿಕೆಯಿಂದ ಮಾಡದೆಯೂ ಇರಬಹುದು. ಹಮೀದಾಕ, ನನ್ನನ್ನು ಕ್ಷಮಿಸಿ ಎಂದು ಕೇಳುವುದಿಲ್ಲ. ನಿಮ್ಮ ತಮ್ಮನನ್ನು ಕ್ಷಮಿಸಿ. ಅವರು ನನ್ನ ಮಾತನ್ನು ನಂಬಿದ್ದರು.