ಗೊಣಗುವ ನರ್ಸಬಾಯಿ

ಆಗ ನನಗೆ ಅರವತ್ತು. ಈಗ್ಗೆ ಆರು ವರ್ಷವಾಯಿತು. ಸೊಸೆಯ ಹೆರಿಗೆಗೆಂದು ಅಬ್ಬಿಗೇರಿಯಿಂದ ರೋಣದ ದವಾಖಾನೆಗೆ ಹೋಗಿದ್ದೆವು. ಅಲ್ಲಿಯ ನರ್ಸಬಾಯಿ ಎಲ್ಲರಿಗೂ “ಗಾಬರಿ ಆಗಬ್ಯಾಡ್ರಿ” ಅನ್ನುವವಳು. ಸೂಜಿ ಹಿಡಿದರೆ ಮಾತ್ರ ತಾನೇ ಬಾಯೊಳಗೆ ಏನೋ ಗೊಣಗುವಳು. ನನಗೆ ಸಂಶಯ ಬಂತು.

“ಏನವ್ವಾ ಅದು, ಮಂತ್ರ ಏನ? ಕೆಲಸ ಬರ್ತೈತೋ ಇಲ್ಲೋ ನಿನಗ?”

“ಸಾಲ್ಯಾಗ ಕಲ್ತ ಪದ್ಯ ರೀ ಯಮ್ಮಾ. ಅದನ್ನ ಅಂದ್ರ ಕೈ ನಡಗೂದಿಲ್ರಿ.”

“ಅನ್ನದಿದ್ರ ನಡಗತಾವ?”

ಅವಳು ನಕ್ಕು ಹೆರಿಗೆ ಕೋಣೆಯ ಬಾಗಿಲು ಹಾಕಿಕೊಂಡಳು. ನಾನು ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ಸೊಸೆಯ ಚೀರಾಟದ ನಡುವೆಯೂ ಪದ್ಯ ಕೇಳುತ್ತಿತ್ತು. ಸಂಜೆಗೆ ಮೊಮ್ಮಗಳು ಹುಟ್ಟಿದಳು.

ಮರುದಿನ ಬೆಳಿಗ್ಗೆ ನರ್ಸಬಾಯಿ ಕೂಸಿಗೆ ಲಸಿಕೆ ಹಾಕಲು ಬಂದಳು. ತುಟಿ ಅಲುಗುತ್ತಿರಲಿಲ್ಲ. ನಾನು ಕೂಸನ್ನು ಸೆರಗಿನೊಳಗೆ ಎಳೆದುಕೊಂಡೆ.

“ಮೊದ್ಲ ಪದ್ಯ ಅನ್ನು. ನನಗ ಕೇಳೂ ಹಂಗ ಅನ್ನು.”