ಅಂಚಿಗೆ ಓಡಿದ ಚುಕ್ಕಿಗಳು

ಬಸ್ ಡಿಪೋದಲ್ಲಿ ವೇಳಾಪಟ್ಟಿ ಹಾಕುವ ಈ ಹೆಂಗಸಿಗೆ ಒಂದು ಹುಚ್ಚು. ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಕಂಪ್ಯೂಟರ್ ಮುಂದೆ ಕೂತುಬಿಡುತ್ತಾಳೆ. ಚಿತ್ರ ಬರೆಯುತ್ತಾಳೆ ಸ್ವಾಮಿ, ಆದರೆ ಕುಂಚ ಮುಟ್ಟುವುದಿಲ್ಲ. ಚುಕ್ಕಿ ಎಲ್ಲಿಂದ ಹೊರಡಬೇಕು, ಎಷ್ಟು ದೂರ ಹೋಗಬೇಕು, ಎಲ್ಲಿ ಬಣ್ಣ ಬದಲಾಯಿಸಬೇಕು ಅಂತ ಕೋಡ್ ಬರೆದು ಗುಂಡಿ ಒತ್ತಿದರೆ ಮುಗಿಯಿತು, ಸಾವಿರಾರು ಚುಕ್ಕಿಗಳು ಪರದೆಯ ಮೇಲೆ ತಾವೇ ಓಡಾಡಿ ಚಿತ್ರವಾಗುತ್ತವೆ. ದಿನವಿಡೀ ಬಸ್ಸುಗಳಿಗೆ ದಾರಿ ಹೇಳಿದ್ದು ಸಾಲದು ಅಂತ ಮನೆಯಲ್ಲಿ ಚುಕ್ಕಿಗಳಿಗೂ ಹೇಳ್ತಾಳೆ ಎಂದು ಗಂಡ ರೇಗಿಸುತ್ತಾನೆ.

ಗಂಡನ ಹೊಗಳಿಕೆಗೆ ಅವಳು ಸೊಪ್ಪು ಹಾಕುವವಳಲ್ಲ. ಅವನಿಗೆ ಎಲ್ಲವೂ "ಸೂಪರ್". ಅವಳಿಗೆ ಬೇಕಿದ್ದದ್ದು ಅತ್ತೆಯ ಮಾತು. ಅತ್ತೆ ಬಟ್ಟೆಯ ಮೇಲೆ ಕಸೂತಿ ಹಾಕಿಯೇ ಸಂಸಾರ ತೂಗಿಸಿದವರು. ಬಣ್ಣದ ವಿಷಯದಲ್ಲಿ ಮುಲಾಜು ಅನ್ನುವುದೇ ಗೊತ್ತಿಲ್ಲ. "ಏನೇ ಇದು, ಹಸಿರಿನ ಪಕ್ಕ ಈ ಕೆಂಪು? ಜಗಳ ಆಡ್ತಾ ಇವೆ ಎರಡೂ" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡೋರು. ಸೊಸೆ ಗೊಣಗುತ್ತಲೇ ತಿದ್ದುತ್ತಿದ್ದಳು. ತಿದ್ದಿದ ಮೇಲೆ ಚಿತ್ರಕ್ಕೆ ಜೀವ ಬರುತ್ತಿತ್ತು, ಅದು ಇಬ್ಬರಿಗೂ ಗೊತ್ತು.

ಆಮೇಲೆ ಅತ್ತೆಯ ಕಣ್ಣು ಕೈಕೊಟ್ಟಿತು. ನೇರ ನೋಡಿದ ಜಾಗದಲ್ಲಿ ಬರೀ ಮಸುಕು, ಸುತ್ತಲಿನದು ಮಾತ್ರ ಒಂದಿಷ್ಟು ಕಾಣುತ್ತೆ. ಇದು ವಾಸಿಯಾಗುವಂಥದ್ದಲ್ಲ ಅಂದರು ಡಾಕ್ಟರು. ಅಂದಿನಿಂದ ಯಾವ ಚಿತ್ರ ತೋರಿಸಿದರೂ ಅತ್ತೆಯದು ಒಂದೇ ಮಾತು: "ಚೆನ್ನಾಗಿದೆ ಕಣೇ." ಅಯ್ಯೋ, ಕಾಣದೆ ಹೇಳುವ ಹೊಗಳಿಕೆ ಯಾರಿಗೆ ಬೇಕು? ಬಣ್ಣ ಗಾಢ ಮಾಡಿದಳು, ಚುಕ್ಕಿ ದಪ್ಪ ಮಾಡಿದಳು, ದೊಡ್ಡ ಪರದೆ ತಂದಳು. ಊಹೂಂ. ಬೈಯುವವರೇ ಇಲ್ಲದೆ ಚಿತ್ರ ಬರೆದು ಏನು ಪ್ರಯೋಜನ, ಇದನ್ನೆಲ್ಲ ನಿಲ್ಲಿಸಿಬಿಡೋಣ ಅನ್ನುವವರೆಗೂ ಬಂತು.

ಒಂದು ರಜೆಯ ಮಧ್ಯಾಹ್ನ, ಚುಕ್ಕಿಗಳೆಲ್ಲ ನಡುವಿಗೆ ಬಂದು ಹೂವಿನಂತೆ ಸೇರಲಿ ಅಂತ ಕೋಡ್ ಬರೆದಳು. ಅವಸರದಲ್ಲಿ ಕಳೆಯುವ ಚಿಹ್ನೆ ಇರಬೇಕಾದ ಕಡೆ ಕೂಡುವ ಚಿಹ್ನೆ ಬಿತ್ತು. ಗುಂಡಿ ಒತ್ತಿದ್ದೇ ತಡ, ಚುಕ್ಕಿಗಳು ನಡುವನ್ನು ಬಿಟ್ಟು ದಿಕ್ಕಾಪಾಲಾಗಿ ಓಡಿ ಪರದೆಯ ನಾಲ್ಕೂ ಅಂಚಿಗೆ ಅಂಟಿಕೊಂಡವು. ನಡುವೆ ಖಾಲಿ ಬಯಲು. "ಥೂ, ಇದರ!" ಎಂದು ಅಳಿಸಲು ಹೊರಟಳು.

ನೀರಿನ ಲೋಟ ಹಿಡಿದು ಗೋಡೆ ಸವರುತ್ತಾ ಬರುತ್ತಿದ್ದ ಅತ್ತೆ ಅವಳ ಬೆನ್ನ ಹಿಂದೆ ನಿಂತರು. ದೃಷ್ಟಿ ಪರದೆಯ ನಡುವಿಗೇ ನೆಟ್ಟಿತ್ತು.

"ತಡಿಯೇ. ಈ ಎಡಗಡೆ ನೀಲಿ ಯಾಕಿಷ್ಟು ಬಳಿದಿದ್ದೀಯ? ಕಣ್ಣಿಗೆ ಚುಚ್ಚುತ್ತೆ. ಮೇಲ್ಗಡೆ ಹಳದಿ ಪರವಾಗಿಲ್ಲ, ಆದ್ರೆ ತೀರಾ ತೆಳು."

ಅವಳ ಕೈ ಗುಂಡಿಯ ಮೇಲೇ ನಿಂತಿತು. ಹೌದಲ್ಲ! ಇಷ್ಟು ದಿನ ಬಣ್ಣವನ್ನೆಲ್ಲ ತಂದು ಅತ್ತೆಗೆ ಕಾಣದ ನಡುವಿಗೇ ಸುರಿಯುತ್ತಿದ್ದಳು. ಕಾಣುವ ಜಾಗಕ್ಕೆ ಚಿತ್ರವನ್ನು ಓಡಿಸಿದ್ದು ಅವಳು ತಪ್ಪಿ ಹಾಕಿದ ಆ ಒಂದು ಚಿಹ್ನೆ. ಸಂತೋಷ ತಡೆಯಲಾರದೆ ಗಳಗಳ ಅತ್ತುಬಿಟ್ಟಳು.

"ಅಯ್ಯೋ, ಇಷ್ಟಕ್ಕೇ ಅಳ್ತಾರೇನೇ?" ಅತ್ತೆ ಗಾಬರಿಯಾದರು.

"ಬೈಯಿರಿ ಅತ್ತೆ, ಇನ್ನೂ ಬೈಯಿರಿ."

"ಹಾಗಾದ್ರೆ ಒಂದು ಕುರ್ಚಿ ಹಾಕು," ಅಂದರು ಅತ್ತೆ. "ನಿಂತ್ಕೊಂಡು ಹೇಳಿ ಮುಗಿಸೋಷ್ಟು ಕಮ್ಮಿ ಇಲ್ಲ ಇದ್ರಲ್ಲಿರೋ ತಪ್ಪು."